ಬಿಳಿ ಮೆಟ್ಟಿಲಿನ ಮದುವೆ

ಯಜಮಾನರು ನನ್ನ ಸ್ಟುಡಿಯೋಗೆ ಬಂದಾಗ ಮಗಳ ಮದುವೆಯ ಫೋಟೊ ವಿಷಯ ಮಾತಾಡಲು ಬಂದಿದ್ದಾರೆ ಎಂದುಕೊಂಡಿದ್ದೆ. ಬಾಳೆಹೊನ್ನೂರಿನಲ್ಲಿ ಅಡಿಕೆ, ಕಾಫಿ ವ್ಯಾಪಾರ ಮಾಡುವ ಮನೆತನ ಅವರದು, ಸುತ್ತಲಿನವರೆಲ್ಲ ಅವರನ್ನು ಯಜಮಾನರು ಎಂದೇ ಕರೆಯುವುದು. ಅವರ ಅಣ್ಣನ ಮಕ್ಕಳ ಮದುವೆಗಳಿಗೆಲ್ಲ ಕ್ಯಾಮೆರಾ ಹಿಡಿದವಳು ನಾನೇ. ಅವರು ಕುರ್ಚಿಯಲ್ಲಿ ಕೂತು, ಗೋಡೆಗೆ ಹಾಕಿದ್ದ ಭದ್ರಾ ಹಿನ್ನೀರಿನ ಫೋಟೊಗಳನ್ನು ಒಂದು ಸುತ್ತು ನೋಡಿ, ಫೋಟೊ ಆಮೇಲೆ, ಮೊದಲು ಒಂದು ಜಾಗ ಹುಡುಕಿಕೊಡಬೇಕು ಎಂದರು. ಧಾರೆಯೂ ಅಲ್ಲೇ, ಫೋಟೊವೂ ಅಲ್ಲೇ. ಜಾಗ ಬೆಂಗಳೂರಿನಲ್ಲಿರಬೇಕು.

ನನಗೆ ನಗು ಬಂತು. ಬೆಂಗಳೂರಿನ ಜೋಡಿಗಳು ಬಟ್ಟೆಯ ಗಂಟು ಕಟ್ಟಿಕೊಂಡು ನರಸಿಂಹರಾಜಪುರಕ್ಕೆ ಬರುತ್ತಾರೆ, ಹಿನ್ನೀರಿನ ದಂಡೆಯಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಯಾವ ಹೊತ್ತಿಗೆ ಎಲ್ಲಿ ನಿಂತರೆ ನೀರು ಹೊಳೆಯುತ್ತದೆ ಎಂದು ಅವರಿಗೆ ತೋರಿಸುವುದೇ ನನ್ನ ಅರ್ಧ ಕೆಲಸ. ಅವರೇ ಇಲ್ಲಿಗೆ ಬರುವಾಗ ನಾವು ಅಲ್ಲಿಗೆ ಯಾಕೆ ಹೋಗಬೇಕು ಎಂದು ಕೇಳಿದೆ. ಯಜಮಾನರು ನಗಲಿಲ್ಲ.

"ಇಲ್ಲಿ ಬೇಡಮ್ಮ. ಜಾಗ ಹೆಂಗಿರ್ಬೇಕು ಅಂದ್ರೆ, ಫೋಟೊ ನೋಡ್ದವ್ರು ಜಾಗ ಯಾವ್ದು ಅಂತ ಕೇಳ್ಬೇಕು. ಬೇರೆ ಎಂತದೂ ಕೇಳ್ಬಾರ್ದು."

ಬೇರೆ ಏನು ಕೇಳಬಹುದು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹುಡುಗಿ ಕೊಪ್ಪದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್. ಹುಡುಗ ಶೆಟ್ಟಿಕೊಪ್ಪದ ಕಡೆ ಹೈಸ್ಕೂಲ್ ಮೇಷ್ಟ್ರು. ಇಬ್ಬರೂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಹುಡುಗನಿಗೆ ತಂದೆ ಇಲ್ಲ. ತಾಯಿ ಕಾಫಿ ತೋಟದ ಕೂಲಿಯವರ ಸಾಲುಮನೆಯಲ್ಲಿ, ಲೈನ್ ಎನ್ನುತ್ತಾರಲ್ಲ, ಅಲ್ಲಿದ್ದು ಕೂಲಿ ಮಾಡಿ ಓದಿಸಿದವರು. ಜಾತಿ ಬೇರೆ ಎನ್ನುವುದು ಒಂದು. ಆಕೆ ಒಂದು ಕಾಲದಲ್ಲಿ ಯಜಮಾನರ ಅಣ್ಣನ ತೋಟದಲ್ಲೇ ಕಾಫಿ ಹಣ್ಣು ಕೊಯ್ದವರು ಎನ್ನುವುದು ಇನ್ನೊಂದು. ಅಣ್ಣ ಈ ಮದುವೆಗೆ ಕಾಲಿಡುವುದಿಲ್ಲ ಎಂದಿದ್ದರು. ಯಜಮಾನರು ಬಹಳ ಕಾಲ ಒಪ್ಪದೆ, ಕೊನೆಗೆ ಮಗಳ ಹಟಕ್ಕೋ ಮಮತೆಗೋ ಒಪ್ಪಿದ್ದರು. "ನಾನು ಒಪ್ಪಿದೀನಿ. ಊರು ಒಪ್ಬೇಕಲ್ಲ" ಎಂದು ಅವತ್ತು ಅವರು ಹೇಳಿದಾಗ ನನಗೆ ಅವರ ಮೇಲೆ ಗೌರವವೇ ಹುಟ್ಟಿತು. ಆಡಿಕೊಳ್ಳುವವರ ಎದುರು ತಲೆ ಎತ್ತಿ, ಎಲ್ಲರಿಗಿಂತ ಚೆಂದದ ಜಾಗದಲ್ಲಿ ಮಗಳ ಮದುವೆ ಮಾಡುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಂಡೇ ಕೆಲಸ ಹಿಡಿದೆ.

ಜಾಗ ನೋಡಲು ಹುಡುಗಿಯೂ ನನ್ನ ಜೊತೆ ಬಂದಳು. ಮೊದಲು ನೋಡಿದ್ದು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಕಲ್ಯಾಣ ಮಂಟಪ. ಹೊರಗಿನಿಂದ ಸಾಧಾರಣ, ಆದರೆ ಹಿಂದೆ ಒಂದು ತೋಟ. ಎತ್ತರದ ಮರಗಳು, ಕೆಳಗೆ ಕಲ್ಲು ಹಾಸಿದ ಅಂಗಳ. ಮದುಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂತರೆ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಫೋಟೊದಲ್ಲಿ ಎಲ್ಲರೂ ಹುಬ್ಬು ಗಂಟಿಕ್ಕಿಕೊಂಡಿರುತ್ತಾರೆ. ನಮ್ಮ ಕೆಲಸದಲ್ಲಿ ಇದು ದೊಡ್ಡ ತಲೆನೋವು. ಅಲ್ಲಿ ಮರಗಳು ಆ ಬಿಸಿಲನ್ನು ಸೋಸಿ ಕೊಡುತ್ತಿದ್ದವು. ನಾನು ಹುಡುಗಿಯನ್ನು ಧಾರೆಯ ಮಂಟಪ ಬರುವ ಕಡೆ ಕೂರಿಸಿ, ಮೊಬೈಲಿನ ದಿಕ್ಸೂಚಿ ಇಟ್ಟು, ಮುಹೂರ್ತದ ಹೊತ್ತಿಗೆ ನೆರಳು ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿದೆ. ಊಟದ ಹಾಲ್ ದೊಡ್ಡದು. ಬಸ್ ಇಳಿದು ನಡೆದೇ ಬರಬಹುದು. ಹುಡುಗಿಗೆ ಖುಷಿಯಾಯಿತು. "ನಮ್ಮತ್ತೆಗೆ ಇದು ಅನುಕೂಲ ಅಕ್ಕ. ಅವ್ರ ಕಡೆಯವ್ರೆಲ್ಲ ಬಸ್ಸಲ್ಲೇ ಬರೋದು" ಎಂದಳು.

ವಿಡಿಯೊ ನೋಡಿದ ಯಜಮಾನರು ಮರದ ಬಗ್ಗೆಯಾಗಲೀ ಅಂಗಳದ ಬಗ್ಗೆಯಾಗಲೀ ಒಂದು ಮಾತೂ ಆಡಲಿಲ್ಲ. ರಸ್ತೆಗೆ ಎಷ್ಟು ದೂರ, ಬಾಗಿಲಲ್ಲಿ ಯಾರಾದರೂ ನಿಲ್ಲುತ್ತಾರಾ ಎಂದು ವಿಚಾರಿಸಿ, ಬೇರೆ ನೋಡಿ ಎಂದರು.

ಎರಡನೆಯದು ಕೆರೆ ದಂಡೆಯ ಹುಲ್ಲುಹಾಸು. ದೂರದಿಂದ ಚಿತ್ರದ ಹಾಗಿತ್ತು. ಹತ್ತಿರ ಹೋದರೆ ನೀರು ನಾರುತ್ತಿತ್ತು. ಫೋಟೊದಲ್ಲಿ ವಾಸನೆ ಬರುವುದಿಲ್ಲ ಎಂದು ಅಲ್ಲಿನವನು ಹೇಳಿದ್ದು ನಿಜವೇ. ಆದರೆ ಗಾಳಿ ಬೀಸಿದರೆ ಕೂತವರ ಮುಖ ಕಿವಿಚುತ್ತದಲ್ಲ, ಅದು ಬರುತ್ತದೆ. ಅದನ್ನು ನಾನೇ ಬಿಟ್ಟೆ.

ಮೂರನೆಯದು ಊರಾಚೆ, ವಿಮಾನ ನಿಲ್ದಾಣದ ಕಡೆ. ಯಾರೋ ಸಾಹೇಬರು ಕಟ್ಟಿಸಿದ ಹಳೆಯ ಬಂಗಲೆಯನ್ನು ರಿಪೇರಿ ಮಾಡಿ ಮದುವೆಗೆ ಕೊಡುತ್ತಿದ್ದರು. ಕಂಬಗಳ ಜಗುಲಿ, ಅದರಿಂದ ಇಳಿದು ಬರುವ ಅಗಲವಾದ ಬಿಳಿ ಕಲ್ಲಿನ ಮೆಟ್ಟಿಲುಗಳು, ಮುಂದೆ ಕೊಳ. ಚೆಂದವಿರಲಿಲ್ಲ ಎಂದು ಹೇಳಲಾರೆ. ಆದರೆ ಕೆಲಸಕ್ಕೆ ಅಷ್ಟು ತೊಡಕಿನ ಜಾಗವನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಿಳಿ ಕಲ್ಲು ಬಿಸಿಲನ್ನು ಕೆಳಗಿನಿಂದ ಮುಖಕ್ಕೆ ಎಸೆಯುತ್ತಿತ್ತು, ಗಲ್ಲದ ಅಡಿ ಬೆಳಕು, ಕಣ್ಣಲ್ಲಿ ಕತ್ತಲೆ. ವಿಮಾನಗಳ ದೆಸೆಯಿಂದ ಡ್ರೋನ್ ಹಾರಿಸುವಂತಿಲ್ಲ. ಅಲ್ಲಿನ ಮ್ಯಾನೇಜರ್ ನಿಯಮಗಳನ್ನು ಒಂದೊಂದಾಗಿ ಹೇಳುತ್ತಾ ಹೋದ. ವಾಲಗ ಊದಿಸುವಂತಿಲ್ಲ. ಹೊರಗಿನ ಅಡುಗೆ ತರುವಂತಿಲ್ಲ. ಕಲ್ಲಿಗೆ ಕಲೆ ಹಿಡಿಯುವುದರಿಂದ ಅರಿಶಿನ, ಕುಂಕುಮ ಹಚ್ಚಿದ ಅಕ್ಷತೆ ಎರಚುವಂತಿಲ್ಲ, ಬೇಕಿದ್ದರೆ ಹೂವಿನ ಎಸಳು. ಜನ ಇಂತಿಷ್ಟೇ. ಮದುವೆಯವರಿಗೆ ಮೊದಲೇ ಎಣಿಸಿ ಕೊಟ್ಟ ಕಾಗದದ ಪಟ್ಟಿಯನ್ನು ಬರುವವರು ಕೈಗೆ ಸುತ್ತಿಕೊಂಡಿರಬೇಕು, ಗೇಟಿನಲ್ಲೇ ನೋಡುತ್ತಾರೆ, ಪಟ್ಟಿ ಇಲ್ಲದವರು ಒಳಗಿಲ್ಲ. ಬಸ್ಸು ಆ ಕಡೆ ಹೋಗುವುದೇ ಇಲ್ಲ.

ಊರಿಗೆ ಬಂದು ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಈ ಜಾಗ ಬೇಡ ಎನ್ನುವುದಕ್ಕೇ ಹೇಳಿದ್ದು. ವಾಲಗ ಇಲ್ಲ ಎಂದೆ. ಗಲಾಟೆ ಇರಲ್ಲ ಎಂದರು. ಬಸ್ಸಿಲ್ಲ ಎಂದೆ. ಕಾರಿದೆಯಲ್ಲ ಎಂದರು. ಗೇಟಿನ ಕೈಪಟ್ಟಿಯ ವಿಷಯ ಬಂದಾಗ ಅವರು ಮುಂದೆ ಬಾಗಿದರು. ಪಟ್ಟಿ ಇಲ್ಲದವರನ್ನು ನಿಜವಾಗಿ ಬಿಡುವುದಿಲ್ಲವಾ, ಯಾರು ಹೇಳಿದರೂ ಬಿಡುವುದಿಲ್ಲವಾ ಎಂದು ಕೇಳಿದರು. ಬಿಡುವುದಿಲ್ಲ ಎಂದೆ.

"ಇದೇ ಇರ್ಲಿ" ಎಂದರು.

ಆಗ ನನಗೆ ತಿಳಿಯಿತು. ನಾನು ಬೆಳಕು ನೋಡುತ್ತಿದ್ದೆ, ಅವರು ಬಾಗಿಲು ನೋಡುತ್ತಿದ್ದರು. ಹುಡುಗನ ಕಡೆಯವರು ಬರಬಾರದು, ಬಂದರೂ ಗುಂಪಾಗಿ ಬರಬಾರದು. ಬೇಡ ಎಂದು ಹೇಳುವ ಕೆಲಸ ತಮ್ಮ ಬಾಯಿಗೆ ಬರಬಾರದು, ಅದನ್ನು ಆ ಜಾಗವೇ ಮಾಡಿಬಿಡಬೇಕು. ಅಂಥದ್ದೊಂದು ಜಾಗವನ್ನು ನಾನೇ ಹೋಗಿ ಹುಡುಕಿ ತಂದಿದ್ದೆ.

ಮೊದಲು ನೋಡಿದ ಮಂಟಪಕ್ಕೆ ಫೋನ್ ಮಾಡಿದೆ. ಆ ದಿನ ಇನ್ನೂ ಖಾಲಿ ಇತ್ತು. ಯಜಮಾನರಿಗೆ ಹೇಳಿದೆ. ಬೇಡ ಎಂದರು, ಸಿಟ್ಟಿಲ್ಲದೆಯೇ. ಮದುವೆ ಹತ್ತಿರ ಬಂದಾಗ ಹುಡುಗ ಸ್ಟುಡಿಯೋಗೆ ಬಂದ. ಅವನ ಕಡೆಗೆಂದು ಬೆರಳೆಣಿಕೆಯ ಕೈಪಟ್ಟಿಗಳನ್ನು ಯಜಮಾನರು ಕೊಟ್ಟಿದ್ದರಂತೆ. ಅವನ ತಾಯಿ ಲೈನಿನವರಿಗೆಲ್ಲ ಆಗಲೇ ಹೇಳಿ ಬಂದಿದ್ದರು, ವ್ಯಾನೂ ಗೊತ್ತು ಮಾಡಿದ್ದರು. ಬಾಣಂತನದಲ್ಲಿ ನೀರು ಕಾಸಿ ಕೊಟ್ಟವರು, ಆಕೆ ಜ್ವರ ಬಂದು ಮಲಗಿದಾಗ ಹುಡುಗನಿಗೆ ಊಟ ಹಾಕಿದವರು, ಅಂಥವರನ್ನೇ ಕರೆದದ್ದು. ಈಗ ಬರಬೇಡಿ ಎಂದು ಹೇಗೆ ಹೇಳುವುದು ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ನನ್ನ ಮುಖ ನೋಡದೆ ಕೇಳಿದ:

"ನಿಮ್ ಕಡೆಯವ್ರು ಅಂತ ಒಂದಷ್ಟು ಜನನ್ನ ಒಳಗೆ ಬಿಡ್ಸಕ್ ಆಗ್ತದಾ ಅಕ್ಕ? ಲೈಟ್ ಹಿಡಿಯೋರು ಅಂತ."

ಹೈಸ್ಕೂಲಿನಲ್ಲಿ ಪಾಠ ಮಾಡುವ ಮನುಷ್ಯ ತನ್ನ ಮದುವೆಗೆ ತನ್ನವರನ್ನು ಲೈಟ್ ಹಿಡಿಯುವವರೆಂದು ಕರೆದುಕೊಂಡು ಹೋಗುವ ಯೋಚನೆ ಮಾಡಿದ್ದ. ನಮ್ಮ ಕಡೆಯಿಂದ ನನಗೂ, ಎರಡನೆಯ ಕ್ಯಾಮೆರಾ ಹಿಡಿಯುವ ಕೊಪ್ಪದ ಗೆಳೆಯನಿಗೂ ಮಾತ್ರ ಪಟ್ಟಿ ಇತ್ತು. ಬಂಗಲೆಯ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದೆ. ಇನ್ನೂ ಕೆಲವರಿಗೆ ಅವಕಾಶ ಮಾಡಬಹುದು, ಆದರೆ ಹುಡುಗಿಯ ತಂದೆಯೇ ಹೇಳಬೇಕು ಎಂದ. ಯಜಮಾನರ ಅಂಗಡಿಗೆ ಹೋದೆ. ಕೊಟ್ಟಿದ್ದೇ ಸಾಕು ಎಂದರು. ನಾನು ಏಳುವಾಗ, "ಮಗಳಿಗೆ ಇದೆಲ್ಲ ಹೇಳ್ಬೇಡಿ. ಆ ದಿನ ಅವಳ ಮುಖ ಬಾಡ್ಬಾರ್ದು" ಎಂದು ಸೇರಿಸಿದರು.

ಕೆಲಸ ಬಿಟ್ಟುಬಿಡೋಣ ಎಂದು ಯೋಚಿಸಿದೆ. ಬಿಟ್ಟರೆ ಇನ್ನೊಬ್ಬರು ಬರುತ್ತಾರೆ, ಗೇಟು ಅಲ್ಲೇ ಇರುತ್ತದೆ. ಹುಡುಗನೂ ನೀವೇ ಬನ್ನಿ ಎಂದ. ಹೋದೆ.

ಮದುವೆಯ ದಿನ ಆಕಾಶ ತಿಳಿಯಾಗಿತ್ತು. ಮೆಟ್ಟಿಲ ಬಿಳುಪನ್ನು ತಡೆಯಲು ನಾನು ಊರಿನಿಂದ ಕಪ್ಪು ಬಟ್ಟೆ ಒಯ್ದಿದ್ದೆ. ಫ್ರೇಮಿಗೆ ಬಾರದ ಹಾಗೆ ಕೆಳಗಿನ ಮೆಟ್ಟಿಲುಗಳಿಗೆ ಅದನ್ನು ಹಾಸಿ, ಮೇಲಿನಿಂದ ಒಂದು ಲೈಟು ಕೊಟ್ಟು ನೋಡಿದೆ, ಗಲ್ಲದ ಅಡಿ ಒಂದಿಷ್ಟು ಬೆಳಕು ಉಳಿದರೂ ಮುಖ ಸರಿ ಬಂತು. ಧಾರೆಗೆ ಮುಂಚೆ ಹುಡುಗಿಯ ಒಂಟಿ ಫೋಟೊಗಳು ಮುಗಿಯಬೇಕಿತ್ತು. ಹಳದಿ ಸೀರೆ ಉಟ್ಟು ಅವಳು ಮೆಟ್ಟಿಲ ನಡುವೆ ನಿಂತಿದ್ದಳು. ಅಷ್ಟರಲ್ಲಿ ಕೊಪ್ಪದ ಗೆಳೆಯ ಗೇಟಿನ ಕಡೆಯಿಂದ ಬಂದು ನನ್ನ ಕಿವಿಯಲ್ಲಿ ಹೇಳಿದ. ವ್ಯಾನು ಬಂದಿದೆ. ಪಟ್ಟಿ ಇದ್ದವರನ್ನು ಬಿಡುತ್ತೇನೆ ಎನ್ನುತ್ತಿದ್ದಾನೆ ವಾಚ್‌ಮನ್. ಉಳಿದವರು ಹೊರಗೆ. ಹುಡುಗನ ತಾಯಿ ಒಳಗೆ ಬರುತ್ತಿಲ್ಲ.

ಹುಡುಗ ಒಳಗೆ ಮಂತ್ರ ಹೇಳುತ್ತಿದ್ದ ಐನೋರ ಎದುರು ಕೂತಿದ್ದ, ಎದ್ದು ಬರುವಂತಿರಲಿಲ್ಲ. ಯಜಮಾನರು ನೆಂಟರ ನಡುವೆ ಇದ್ದರು. ಬೆಳಕು ಚೆನ್ನಾಗಿತ್ತು, ಇನ್ನು ಸ್ವಲ್ಪ ಹೊತ್ತು ಮಾತ್ರ ಹಾಗಿರುತ್ತಿತ್ತು. ನಾನು ಕ್ಯಾಮೆರಾ ಕೆಳಗಿಳಿಸಿದೆ. ಹೇಳಬೇಡಿ ಎಂದವರು ಅವಳ ಅಪ್ಪ. ಆದರೆ ಹೊರಗೆ ನಿಂತವರು ಅವಳ ಅತ್ತೆ. ಹತ್ತಿರ ಹೋಗಿ, ಸೀರೆಯ ನೆರಿಗೆ ಸರಿ ಮಾಡುವವಳ ಹಾಗೆ ಬಗ್ಗಿ ಎಲ್ಲವನ್ನೂ ಹೇಳಿದೆ. ಕೈಪಟ್ಟಿಯ ವಿಷಯ, ಜಾಗ ಆರಿಸಿದ ಕಾರಣ, ವ್ಯಾನು. ನೀನು ಗೇಟಿನವರೆಗೆ ಒಂದು ಸಲ ಬಂದರೆ ವಾಚ್‌ಮನ್ ಮದುಮಗಳನ್ನು ತಡೆಯುವುದಿಲ್ಲ, ನಿನ್ನ ಜೊತೆ ಬಂದವರನ್ನೂ ತಡೆಯುವುದಿಲ್ಲ ಎಂದೆ.

ಅವಳ ಕಣ್ಣು ತುಂಬಿಕೊಂಡಿತು, ಕಾಡಿಗೆ ಕದಡದಂತೆ ಮುಖ ಮೇಲೆತ್ತಿದಳು. ಜಗುಲಿಯ ಕಡೆ ನೋಡಿದಳು. ಅಲ್ಲಿ ಅವಳ ಅಪ್ಪ, ಮದುವೆಗೆ ಬರಲು ಒಪ್ಪಿದ ಕೆಲವೇ ನೆಂಟರಿಗೆ ಕೈಮುಗಿಯುತ್ತಿದ್ದರು.

"ನಾ ಈಗ ಹೋದ್ರೆ ಅಪ್ಪ ಎದ್ದು ಹೋಗ್ತಾರೆ ಅಕ್ಕ" ಎಂದಳು. ಆಮೇಲೆ, "ಫೋಟೊ ಮುಗ್ಸಿ" ಎಂದಳು.

ಮುಗಿಸಿದೆ. ಅವಳನ್ನು ಬೈಯುವ ಹಕ್ಕು ನನಗಿರಲಿಲ್ಲ. ಅಪ್ಪನ ಒಪ್ಪಿಗೆ ಅವಳಿಗೆ ಎಷ್ಟು ಕಷ್ಟದಿಂದ ದಕ್ಕಿತ್ತು ಎಂದು ನಾನು ಕಂಡಿದ್ದೆ. ಆದರೂ ಆ ಮೇಲೆ ತೆಗೆದ ಒಂದು ಫೋಟೊದಲ್ಲೂ ನನಗೆ ಅವಳ ಮುಖ ಕಾಣಲಿಲ್ಲ, ಗಲ್ಲದ ಕೆಳಗಿನ ಬೆಳಕು ಮಾತ್ರ ಕಂಡಿತು.

ಧಾರೆಯ ಫೋಟೊ ಕೆಲಸವನ್ನು ಗೆಳೆಯನಿಗೆ ಒಪ್ಪಿಸಿ ನಾನು ಗೇಟಿಗೆ ಹೋದೆ. ಗೇಟಿಂದ ಬಂಗಲೆಗೆ ದಾರಿ ಬಳಸಿಕೊಂಡು ಹೋಗುತ್ತದೆ, ನಡುವೆ ಎತ್ತರದ ಬೇಲಿಗಿಡ. ಹೊರಗೆ ನಿಂತವರಿಗೆ ಏನೂ ಕಾಣುವುದಿಲ್ಲ. ರಸ್ತೆಯಂಚಿಗೆ ವ್ಯಾನು ನಿಲ್ಲಿಸಿಕೊಂಡು ಅವರು ಕಾಂಪೌಂಡಿನ ನೆರಳಿಗೆ ಕೂತಿದ್ದರು. ಹೆಂಗಸರೇ ಹೆಚ್ಚು, ಎಲ್ಲರೂ ಒಳ್ಳೆಯ ಸೀರೆ ಉಟ್ಟವರು, ಮುಡಿ ತುಂಬ ಹೂ. ಯಾರೂ ಜಗಳ ಮಾಡುತ್ತಿರಲಿಲ್ಲ. ಪಟ್ಟಿ ಸಿಕ್ಕವರೂ ಒಳಗೆ ಹೋಗಿರಲಿಲ್ಲ. ವಾಚ್‌ಮನ್ ಅವರಿಗೆ ಕುಡಿಯುವ ನೀರು ತಂದುಕೊಟ್ಟಿದ್ದ. ತಾನು ಮಾಡುತ್ತಿರುವುದು ಅವನಿಗೂ ಹಿಡಿಸಿದಂತೆ ಕಾಣಲಿಲ್ಲ.

ಹುಡುಗನ ತಾಯಿಯ ಹತ್ತಿರ ಕೂತು, ನೀವಾದರೂ ಬನ್ನಿ, ಧಾರೆಗೆ ತಾಯಿ ಇಲ್ಲದಿದ್ದರೆ ಹೇಗೆ ಎಂದು ಕೇಳಿಕೊಂಡೆ.

"ನಾ ಕರ್ದವ್ರು ಹೊರಗೆ ಕೂತಿದಾರೆ. ನಾ ಒಳಗೆ ಹೆಂಗೆ ಹೋಗ್ಲಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮಗನ ಮೇಲೆ ಬೇಸರವಾಗಿದೆಯಾ ಎಂದು ಕೇಳಿದೆ. ಅವನು ಮೊದಲೇ ಹೇಳಿದ್ದರೆ ತಾವೇ ಏನಾದರೂ ಸುಳ್ಳು ಹೇಳಿ ಇವರನ್ನು ಊರಲ್ಲೇ ಬಿಟ್ಟು ಬರುತ್ತಿದ್ದರಂತೆ. ಹೇಳಲು ಅವನಿಗೆ ಬಾಯಿ ಬರಲಿಲ್ಲವಲ್ಲ, ಅದೇ ಸಂಕಟ ಎಂದರು.

ನನ್ನ ಕೈಗೆ ಏನಾದರೂ ಕೆಲಸ ಬೇಕಿತ್ತು. ಕ್ಯಾಮೆರಾ ಎತ್ತಿಕೊಂಡು, ನಿಮ್ಮೆಲ್ಲರದೂ ಒಂದು ಫೋಟೊ ತೆಗೆಯುತ್ತೇನೆ, ಇಷ್ಟು ಚೆಂದ ಕಾಣುತ್ತಿದ್ದೀರಿ ಎಂದೆ. ಇಬ್ಬರು ಹೆಂಗಸರು ಸೆರಗು ಸರಿ ಮಾಡಿಕೊಂಡರು ಕೂಡ. ಆಕೆ ಕೈ ಅಡ್ಡ ಇಟ್ಟರು.

"ಬೇಡ ಕಣಮ್ಮ. ಇಲ್ಲಿ ಕೂತಿದ್ದು ನೆನಪಿರೋದು ಎಂತಕ್ಕೆ?"

ಕ್ಯಾಮೆರಾ ಚೀಲಕ್ಕೆ ಹಾಕಿದೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಜನರನ್ನು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದೇನೆ. ನಾಚಿಕೆಗೆ ಬೇಡ ಎಂದವರನ್ನು ನಗಿಸಿ ಒಪ್ಪಿಸಿದ್ದೇನೆ. ಈ ಬೇಡ ನಾಚಿಕೆಯದಾಗಿರಲಿಲ್ಲ.

ಮಾಂಗಲ್ಯಧಾರಣೆ ಆದ ಕೂಡಲೇ ಹುಡುಗ ಬಾಸಿಂಗ ಕಟ್ಟಿಕೊಂಡೇ ಓಡಿ ಬಂದ. ತಾಯಿಯ ಕಾಲಿಗೆ ಬಿದ್ದು ಏಳಲೇ ಇಲ್ಲ. ಆಕೆ ಸೆರಗಿನ ತುದಿಯ ಗಂಟು ಬಿಚ್ಚಿ, ಊರಿನಿಂದ ಕಟ್ಟಿಕೊಂಡು ಬಂದಿದ್ದ ಅಕ್ಷತೆಯನ್ನು ಅವನ ತಲೆಗೆ ಹಾಕಿದರು. ಉಳಿದವರೂ ಒಬ್ಬೊಬ್ಬರಾಗಿ ಬಂದು ಹಾಕಿದರು. ಒಳಗೆ ಊಟಕ್ಕೆ ಕರೆಯುತ್ತೇನೆ, ಯಾರು ತಡೆಯುತ್ತಾರೋ ನೋಡುತ್ತೇನೆ ಎಂದು ಅವನು ಈಗ ಹೇಳಿದ. ಆಕೆ ಅವನನ್ನು ಎಬ್ಬಿಸಿ, ಹೆಂಡತಿ ಒಬ್ಬಳೇ ನಿಂತಿರುತ್ತಾಳೆ, ಹೋಗು ಎಂದು ಕಳಿಸಿದರು. ಫೋಟೊ, ಆರತಿ ಎಲ್ಲ ಮುಗಿದು ಹುಡುಗಿ ಗೇಟಿಗೆ ಬರುವ ಹೊತ್ತಿಗೆ ವ್ಯಾನು ಹೊರಟುಹೋಗಿತ್ತು. ಅವಳು ಖಾಲಿ ರಸ್ತೆಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು.

ಯಜಮಾನರು ಅಂದುಕೊಂಡದ್ದೇ ಆಯಿತು. ಅಂಗಡಿಯಲ್ಲಿ ಮೆಟ್ಟಿಲಿನ ಫೋಟೊವನ್ನು ದೊಡ್ಡದು ಮಾಡಿಸಿ ಹಾಕಿದರು. ನೋಡಿದವರೆಲ್ಲ ಜಾಗ ಯಾವುದು ಎಂದೇ ಕೇಳಿದರು. ಕೊಪ್ಪದಿಂದ, ಶೃಂಗೇರಿಯಿಂದ ನನಗೆ ಫೋನ್‌ಗಳು ಬಂದವು, ನಮಗೂ ಅಂಥದ್ದೇ ಜಾಗ ಹುಡುಕಿಕೊಡಿ ಎಂದು. ಒಪ್ಪಲಿಲ್ಲ. ಕಾರಣವನ್ನೂ ಹೇಳಲಿಲ್ಲ.

ಆಲ್ಬಮ್ ಮಾಡುವಾಗ ಹುಡುಗಿಯ ಫೋನ್ ಬಂತು. ಮೆಟ್ಟಿಲ ಮೇಲಿನ ಮನೆಯವರ ಫೋಟೊದಲ್ಲಿ ಹುಡುಗನ ಪಕ್ಕ ಅವನ ಕಡೆಯವರು ಯಾರೂ ಇಲ್ಲ. ಅತ್ತೆಯನ್ನು ಅಲ್ಲಿ ಸೇರಿಸಲು ಆಗುತ್ತದಾ ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಅದು ಕಷ್ಟದ ಕೆಲಸವಲ್ಲ. ವಿದೇಶದಲ್ಲಿರುವವರನ್ನು, ತೀರಿಹೋದವರನ್ನು ಎಷ್ಟೋ ಸಲ ಸೇರಿಸಿದ್ದೇನೆ. ಆಗುವುದಿಲ್ಲ ಎಂದೆ. ಅವಳು ಅತ್ತಳು. ಆದರೂ ಆಗುವುದಿಲ್ಲ ಎಂದೆ.

ಕೆಲವು ದಿನ ಬಿಟ್ಟು ಹುಡುಗನ ತಾಯಿ ಒಬ್ಬರೇ ಸ್ಟುಡಿಯೋಗೆ ಬಂದರು. ಸಂತೆ ಚೀಲದಲ್ಲಿ ಮದುವೆಯ ದಿನದ ಸೀರೆ ಮಡಚಿ ತಂದಿದ್ದರು. ಸೊಸೆ ಕಳಿಸಿದಳಾ ಎಂದು ಕೇಳಿದೆ, ಕೊಂಚ ಬಿರುಸಾಗಿಯೇ. ಇಲ್ಲ, ನಾನೇ ಬಂದೆ ಎಂದರು.

"ಮುಂದೆ ಮೊಮ್ಮಕ್ಳು ಆಲ್ಬಮ್ ತೆಗ್ದು ಅಜ್ಜಿ ಎಲ್ಲಿ ಅಂತ ಕೇಳಿದ್ರೆ, ಮಗ ಎಂತ ಹೇಳ್ತಾನೆ? ಅವ್ನಿಗೆ ಸುಳ್ಳು ಹೇಳಕ್ ಬರಲ್ಲ. ಹಾಕ್ಬಿಡಮ್ಮ."

ಲೈನಿನವರಿಗೆ ಇದನ್ನು ತೋರಿಸಬೇಡಿ ಎಂದೂ ಕೇಳಿಕೊಂಡರು.

ಒಳಗೆ ಸೀರೆ ಉಟ್ಟು ಬಂದರು. ಹಸಿರು ಪರದೆಯ ಎದುರು ನಿಲ್ಲಿಸಿದೆ. ಮೆಟ್ಟಿಲಿನ ಬೆಳಕು ಹೊಂದಬೇಕೆಂದು ನೆಲಕ್ಕೆ ಬಿಳಿ ಹಾಳೆ ಹಾಸಿ, ಗಲ್ಲದ ಕೆಳಗಿನಿಂದ ಸ್ವಲ್ಪ ಬೆಳಕು ಕೊಟ್ಟೆ. ಅಲ್ಲಿ ಅಳಿಸಲು ಒದ್ದಾಡಿದ ಬೆಳಕನ್ನು ಇಲ್ಲಿ ಬೇಕೆಂದೇ ಮಾಡಿದೆ. ಎತ್ತ ನೋಡಲಿ ಎಂದು ಕೇಳಿದರು. ಬಲಗಡೆ, ಮಗನ ಕಡೆ ಎಂದೆ. ಅಲ್ಲಿ ಸ್ಟುಡಿಯೋದ ಗೋಡೆ ಇತ್ತು. ಆಕೆ ಅದನ್ನೇ ನೋಡಿ, ಹೇಳದೆಯೇ ಸಣ್ಣಗೆ ನಕ್ಕರು. ನೆರಳು, ಸೀರೆಯ ಅಂಚು, ಕಾಲು ಕಲ್ಲಿಗೆ ತಾಗುವ ಜಾಗ, ಎಲ್ಲವನ್ನೂ ನಾನೇ ಕೂತು ಹೊಂದಿಸಿದೆ. ಬೇರೆ ಯಾರ ಕೈಗೂ ಕೊಡಲಿಲ್ಲ. ಎಷ್ಟು ಚೆನ್ನಾಗಿ ಬಂತೆಂದರೆ ಕೊಪ್ಪದ ಗೆಳೆಯ ನೋಡಿ, ಆ ದಿನ ಅವರು ಒಳಗೆ ಬಂದಿದ್ದರಾ ಎಂದು ನನ್ನನ್ನೇ ಕೇಳಿದ.

ಆಕೆಗೊಂದು ಪ್ರತಿ ತೆಗೆದಿಟ್ಟಿದ್ದೆ. ಒಯ್ಯಲು ಬಂದ ದಿನ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಗನನ್ನಲ್ಲ, ಸೊಸೆಯನ್ನಲ್ಲ, ತಮ್ಮನ್ನೂ ಅಲ್ಲ. ಬಂಗಲೆಯ ಪಕ್ಕದಲ್ಲಿ ಬೊಡ್ಡೆಗೇ ಹೂ ಬಿಟ್ಟು ನಿಂತಿದ್ದ ಒಂದು ಮರದ ಮೇಲೆ ಬೆರಳಿಟ್ಟರು.

"ನಾಗಲಿಂಗದ ಮರ ಅಲ್ದಾ ಇದು?" ಎಂದರು. "ಒಳಗೆ ಇತ್ತಾ? ನಮಗೆ ಕಾಣ್ಲಿಲ್ಲ."